ನೀರಿಲ್ಲದ ನಾಡಿನಿಂದ ಸಮುದ್ರ ದಾಟುವ ಲೆಕ್ಕ

ಮುಂಬಯಿಯಿಂದ ಬಳ್ಳಾರಿಗೆ ನಕಾಶೆಯ ಮೇಲೊಂದು ನೇರ ಗೆರೆ ಎಳೆದು ನೋಡಿ. ಗೆರೆ ಸಾತಾರಾದ ಮಗ್ಗುಲಲ್ಲಿ ಹಾದು, ಕೃಷ್ಣೆಯನ್ನು ದಾಟಿ, ಮಿರಜ ಮತ್ತು ಜತ್ತದ ನಡುವಿನ ಬಯಲಿನ ಮೇಲಿಂದ ಹೋಗುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಯ ಜುಹುವಿಗೆ ಟಪಾಲು ತಂದರು. ಅಲ್ಲಿಂದ ಮುಂದೆ ಅದನ್ನು ಒಯ್ದವರು ನೆವಿಲ್ ವಿನ್ಸೆಂಟ್. ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದ್ರಾಸಿಗೆ ಮುಟ್ಟಿಸಿದರು. ಪುಸ್ ಮಾತ್ ಎಂಬ ಒಂದೇ ಎಂಜಿನ್ನಿನ ವಿಮಾನ. ಅಹಮದಾಬಾದಿನಲ್ಲಿ ಅದಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯ ಮೇಲೆ. ವಿನ್ಸೆಂಟ್ ಸಾಹೇಬರು ನನ್ನ ಗೆರೆಯನ್ನೇ ಹಿಡಿದು ಹಾರಿದರೆಂದು ಆಣೆ ಮಾಡಲಾರೆ. ಆದರೂ ಡಫಳೆ ಸರಕಾರದ ಜತ್ತ ಸಂಸ್ಥಾನದಲ್ಲಿ ಜೋಳದ ಹೊಲ ಕಾಯುತ್ತಿದ್ದ ನಮ್ಮ ಮುತ್ತಜ್ಜಂದಿರಲ್ಲಿ ಯಾರಾದರೂ ಆ ದಿನ ತಲೆ ಎತ್ತಿ ನೋಡಿರಬಹುದೆಂದು ನಂಬಲು ನನಗೆ ಇಷ್ಟ.

ಈಗ ನಮ್ಮ ಮನೆತನದಲ್ಲೇ ಒಬ್ಬ ಹಾರಲು ಹೊರಟಿದ್ದಾನೆ. ಅಕ್ಕನ ಮಗ. ಕಲಬುರಗಿಯಲ್ಲಿ ಪೈಲಟ್ ತರಬೇತಿ. ದಸರೆ ಮುಗಿದ ಮೇಲೆ ಅವನನ್ನು ನೋಡಿಬರಲು ಮಹಾರಾಷ್ಟ್ರದ ಗಡಿಯಂಚಿನ ಜತ್ತ ತಾಲೂಕಿನ ನಮ್ಮೂರು ಉಮದಿಯಿಂದ ಹೊರಟೆ. ವಿಜಯಪುರ, ಸಿಂದಗಿ, ಜೇವರ್ಗಿ. ಆಮೇಲೆ ತುಂಬಿ ಹರಿಯುವ ಭೀಮೆ, ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ತೊಗರಿ. ನಮ್ಮ ತಾಲೂಕಿನವರಿಗೆ ಇಷ್ಟು ನೀರನ್ನು ಒಮ್ಮೆಲೇ ನೋಡಿದರೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ಶುರುವಾಯಿತು. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ. ಅದರ ಮೇಲೆ ಕಲಿಯುವ ಹುಡುಗರ ಸಣ್ಣ ವಿಮಾನಗಳು ಇಳಿಯುತ್ತವೆ, ಚಕ್ರ ನೆಲಕ್ಕೆ ತಾಗಿದ್ದೇ ತಡ ಮತ್ತೆ ಏರುತ್ತವೆ. ಬೇಲಿಯ ಆಚೆಯ ರಸ್ತೆಯಲ್ಲಿ ನಿಂತು ಒಂದು ತಾಸು ಬಾಯಿ ತೆರೆದು ನೋಡಿದೆ. ಸೆಸ್ನಾ 172 ಎನ್ನುವ ನಾಲ್ಕು ಸೀಟಿನ ವಿಮಾನದ ಖಾಲಿ ತೂಕ ಎಂಟು ನೂರು ಕೆ.ಜಿ.ಯೂ ಇಲ್ಲವಂತೆ. ಬಾಗಿಲನ್ನು ಮೊಣಕೈಯಿಂದ ದೂಡಿ ಮುಚ್ಚಬಹುದು. "ಇಂಥಾದ್ದ ತಗೊಂಡ ಮಂದಿ ಸಮುದ್ರ ದಾಟ್ಯಾರ್ರಿ ಮಾಮಾ" ಎಂದ ಅಳಿಯ. ನಾನು ನಂಬಲಿಲ್ಲ.

ರಾತ್ರಿ ಅವನ ಬಾಡಿಗೆ ಕೋಣೆಯಲ್ಲಿ ಊಟ. ಅವನ ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಗೆಳೆಯರು ಅರ್ಧ ಖಾಲಿ ಮಾಡುವಷ್ಟರಲ್ಲಿ ನೆಲದ ಮೇಲೆ ನಕಾಶೆ ಹಾಸಿತ್ತು. ನಾನು ಸವಾಲು ಹಾಕಿದ್ದೆ: ನಿಮ್ಮ ಈ ಗುಬ್ಬಚ್ಚಿಯಲ್ಲಿ ನನ್ನನ್ನು ಮುಂಬಯಿಯಿಂದ ಮಸ್ಕತ್ತಿಗೆ ಮುಟ್ಟಿಸಿ ತೋರಿಸಿರಿ, ಕಾಗದದ ಮೇಲಾದರೂ ಸರಿ.

ಹುಡುಗರು ಮೊದಲು ನನ್ನ ಅಪನಂಬಿಕೆಗೆ ಔಷಧಿ ಕೊಟ್ಟರು. ಮುಂಬಯಿಯ ಆರೋಹಿ ಪಂಡಿತ್ ಎಂಬ 23ರ ಯುವತಿ 2019ರ ಮೇ ತಿಂಗಳಲ್ಲಿ 'ಮಾಹಿ' ಎಂಬ ಸೈನಸ್ 912 ವಿಮಾನದಲ್ಲಿ ಒಬ್ಬಳೇ ಅಟ್ಲಾಂಟಿಕ್ ದಾಟಿದಳು. ಸ್ಲೊವೇನಿಯಾದಲ್ಲಿ ತಯಾರಾದ ಆ ವಿಮಾನದ ತೂಕ ನಾಲ್ಕು ನೂರು ಕೆ.ಜಿ.ಯ ಆಸುಪಾಸು. ಸ್ಕಾಟ್ಲೆಂಡಿನ ಬಡಗಣ ತುದಿಯ ವಿಕ್‌ನಿಂದ ಹೊರಟು, ಐಸ್‌ಲ್ಯಾಂಡಿನಲ್ಲಿ ಇಳಿದು, ಗ್ರೀನ್‌ಲ್ಯಾಂಡಿನಲ್ಲಿ ಇಳಿದು, ಕೊನೆಗೆ ಕೆನಡಾದ ಇಕಾಲುಯಿಟ್ ಮುಟ್ಟಿದಳು. ಬೆಂಗಳೂರಿನ ತಾಯಿ-ಮಗಳು ಆಡ್ರೆ ಮೇಬನ್ ಮತ್ತು ಏಮಿ ಮೆಹ್ತಾ ಕೂಡ ಇಂಥದೇ ಪುಟ್ಟ ವಿಮಾನದಲ್ಲಿ ಭೂಮಿ ಸುತ್ತುವ ಯೋಜನೆ ಹಾಕಿದ್ದರು. ಇನ್ನೂ ಹಿಂದೆ ಹೋದರೆ, 1964ರಲ್ಲಿ ಅಮೆರಿಕದ ಜೆರಿ ಮಾಕ್ ಎಂಬ ಗೃಹಿಣಿ ಸೆಸ್ನಾ 180ರಲ್ಲಿ ಒಬ್ಬಳೇ ಭೂಮಿಯನ್ನೇ ಸುತ್ತಿ ಬಂದಳು. ದಾರಿಯಲ್ಲಿ ದಿಲ್ಲಿ, ಕಲ್ಕತ್ತೆಗಳಲ್ಲೂ ಇಳಿದಿದ್ದಳು. ಆಕೆಯ ವಿಮಾನದಲ್ಲಿ ಸೀಟುಗಳನ್ನು ಕಿತ್ತು ಅಲ್ಲಿ ಪೆಟ್ರೋಲ್ ಟ್ಯಾಂಕು ಕೂಡಿಸಿದ್ದರು.

ಆರೋಹಿ ಹಿಡಿದ ಬಡಗಣ ದಾರಿಯ ಜಾಣತನ ನಕಾಶೆ ನೋಡಿದರೆ ತಿಳಿಯುತ್ತದೆ. ರೇಕ್ಯಾವಿಕ್‌ನಿಂದ ಗ್ರೀನ್‌ಲ್ಯಾಂಡಿನ ಕುಲುಸುಕ್‌ಗೆ ಸುಮಾರು 740 ಕಿ.ಮೀ., ನೂಕ್‌ನಿಂದ ಇಕಾಲುಯಿಟ್‌ಗೆ 820. ಮಹಾಸಾಗರವನ್ನು ತುಂಡು ಮಾಡಿ ದಾಟುವುದು. ಆ ಸೌಕರ್ಯಕ್ಕೆ ಕೊಡುವ ಬೆಲೆ ಚಳಿ. ಅಲ್ಲಿನ ನೀರಿಗೆ ಬಿದ್ದರೆ ನಿಮಿಷಗಳಲ್ಲಿ ಬೆರಳು ಮರಗಟ್ಟುತ್ತವೆ. ಹಾಗಾಗಿ ಇಡೀ ದಾರಿ ರಬ್ಬರಿನ ದಪ್ಪ ಅಂಗಿ ತೊಟ್ಟೇ ಕೂರಬೇಕು. ಗ್ರೀನ್‌ಲ್ಯಾಂಡಿನ ಮಂಜಿನ ಹಾಸು ಮೂರು ಸಾವಿರ ಮೀಟರಿಗೂ ಎತ್ತರ, ಮೇಲೆ ಮೋಡ. ಮೋಡದೊಳಗೆ ಹೊಕ್ಕರೆ ರೆಕ್ಕೆಗೆ ಹಿಮ ಕಟ್ಟುತ್ತದೆ. ಚಳಿ ಬೇಡ ಎನ್ನುವವರಿಗೆ ಪೆಸಿಫಿಕ್ ಇದೆ: ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಬೆಚ್ಚಗಿನ ನೀರು, ಆದರೆ ಸುಮಾರು 3,860 ಕಿ.ಮೀ. ನಡುವೆ ಒಂದು ಬಂಡೆಯೂ ಇಲ್ಲ.

ನಮ್ಮದು ಮುಂಬಯಿ-ಮಸ್ಕತ್, ಸುಮಾರು 1,570 ಕಿ.ಮೀ. ಕಾಗದದ ಮೇಲೆ ವಿಮಾನದ ವೇಗ ತಾಸಿಗೆ 200 ಕಿ.ಮೀ. ಎಂದಿಟ್ಟುಕೊಂಡೆವು. ಗಾಳಿ ಇಲ್ಲದಿದ್ದರೆ ಎಂಟು ತಾಸಿಗೂ ಕಡಿಮೆ. ರೆಕ್ಕೆಗಳೊಳಗಿನ ಟ್ಯಾಂಕು ಹಿಡಿಯುವುದು 200 ಲೀಟರ್. ತಾಸಿಗೆ 35 ಲೀಟರ್ ಕುಡಿಯುತ್ತದೆ. ಆರು ತಾಸಿಗೂ ಸಾಲದು! ಮಸ್ಕತ್ತಿಗೆ ಇನ್ನೂ ನಾನೂರು ಕಿಲೋಮೀಟರಿಗೂ ಮಿಕ್ಕಿ ಇರುವಾಗಲೇ ಒಣಗಿ ಕೂರುತ್ತದೆ. ಎದುರುಗಾಳಿಗೂ ಸೇರಿಸಿ ಹನ್ನೆರಡು ತಾಸಿನ ಎಣ್ಣೆ, ಅದರ ಮೇಲೆ ಮುಟ್ಟಬಾರದ ಒಂದೂವರೆ ತಾಸಿನದು ಬೇಕೆಂದರೆ 470 ಲೀಟರ್. ಉಳಿದ 270 ಲೀಟರನ್ನು ಹಿಂದಿನ ಸೀಟು ಕಿತ್ತು ಅಲ್ಲಿಡಬೇಕು. ವಿಮಾನದ ಪೆಟ್ರೋಲು ಲೀಟರಿಗೆ ಸುಮಾರು 720 ಗ್ರಾಂ, ಅಂದರೆ 194 ಕೆ.ಜಿ. ಪೈಲಟ್, ಟ್ಯಾಂಕು, ಗಾಳಿ ತುಂಬುವ ದೋಣಿ ಎಲ್ಲ ಸೇರಿದರೆ ವಿಮಾನ ಕಾನೂನು ಹೇಳುವ ತೂಕದ ಗೆರೆ ದಾಟುತ್ತದೆ. ಅದಕ್ಕೆ ಬೇರೆಯೇ ಅನುಮತಿ ಪಡೆಯಬೇಕು. ಅಷ್ಟು ಭಾರ ಹೊತ್ತ ವಿಮಾನ ಏರಲು ಉದ್ದ ಓಡುತ್ತದೆ, ಮೆಲ್ಲಗೆ ಏರುತ್ತದೆ. ಪೂರಾ ತುಂಬಿದ ಮೊದಲ ತಾಸೇ ಎಲ್ಲಕ್ಕಿಂತ ಅಪಾಯದ್ದಂತೆ. ಖಾಲಿಯಾಗುತ್ತ ಹೋದ ಹಾಗೆ ಅದು ಹಗುರಾಗಿ ಸುಖಿಯಾಗುತ್ತದೆ.

ಈ ಲೆಕ್ಕ ನನಗೆ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಟ್ಯಾಂಕರ್ ಬಂದ ದಿನ ನಮ್ಮೂರ ಹೆಣ್ಣುಮಕ್ಕಳು ಹೀಗೆಯೇ ಕೊಡ ಎಣಿಸುತ್ತಾರೆ: ಕುಡಿಯಲು ಇಷ್ಟು, ದನಕ್ಕೆ ಇಷ್ಟು, ನಾಳೆ ಟ್ಯಾಂಕರ್ ಬಾರದಿದ್ದರೆ ಎಂದು ಮುಚ್ಚಿ ಇಡುವುದು ಇಷ್ಟು. ಆ ಕೊನೆಯ ಕೊಡಕ್ಕೆ ಯಾರೂ ಕೈ ಹಾಕುವಂತಿಲ್ಲ, ಮನೆಯ ಯಜಮಾನನೂ.

ನನ್ನ ಬೆರಗು ಶುರುವಾದದ್ದು ಗಾಳಿಯ ಲೆಕ್ಕದಲ್ಲಿ. ಜತ್ತದ ಸುತ್ತಿನ ಗುಡ್ಡಗಳ ಮೇಲೆ ಪವನಚಕ್ಕಿ ತಿರುಗುವುದನ್ನು ದಿನಾ ನೋಡುವವನು ನಾನು. ಮನೂಕಿಗೆಂದು ದ್ರಾಕ್ಷಿ ಒಣಹಾಕಿದ ರೈತ ಗಾಳಿ ಎತ್ತ ಬೀಸುತ್ತಿದೆ ಎಂದು ಮುಖದ ಚರ್ಮದಿಂದಲೇ ಹೇಳಬಲ್ಲ. ಗಾಳಿಯ ವಿಷಯದಲ್ಲಿ ನನಗೆ ಪಾಠ ಬೇಡ ಎಂದುಕೊಂಡಿದ್ದೆ.

ಪೈಲಟ್ ಪರವಾನಗಿಯ ಡಿ.ಜಿ.ಸಿ.ಎ. ಪರೀಕ್ಷೆಗೆ ಓದುವ ಪ್ರತಿ ಹುಡುಗನೂ ಎರಡು ಬಿಂದುಗಳ ಲೆಕ್ಕ ಕಲಿಯಬೇಕು. ಒಂದು ಕ್ರಿಟಿಕಲ್ ಪಾಯಿಂಟ್. ಅಲ್ಲಿಂದ ಮುಂದೆ ಹೋಗಲು, ಹಿಂದೆ ಬರಲು ಹಿಡಿಯುವ ಹೊತ್ತು ಒಂದೇ. ಗಾಳಿ ಇಲ್ಲದ ದಿನ ಅದು ನಟ್ಟನಡುವೆ, 785 ಕಿ.ಮೀ.ಯಲ್ಲಿ. ಎದುರಿನಿಂದ ತಾಸಿಗೆ 40 ಕಿ.ಮೀ. ಗಾಳಿ ಬೀಸಿದರೆ ಹೋಗುವ ವೇಗ 160, ಮರಳುವ ವೇಗ 240; ಬಿಂದು ಜಾರಿ 942 ಕಿ.ಮೀ.ಗೆ ಹೋಗಿ ನಿಲ್ಲುತ್ತದೆ. ಅಂದರೆ ಅರ್ಧದಾರಿ ದಾಟಿ ನೂರೈವತ್ತು ಕಿಲೋಮೀಟರ್ ಹೋದ ಮೇಲೂ, ಎಂಜಿನ್ ಕೆಮ್ಮಿದರೆ ಮುಂಬಯಿಯೇ ಹತ್ತಿರ! ಕಣ್ಣಿಗೆ ಮಸ್ಕತ್ ಹತ್ತಿರ, ಗಡಿಯಾರಕ್ಕೆ ಮುಂಬಯಿ ಹತ್ತಿರ. ನಂಬಬೇಕಾದದ್ದು ಗಡಿಯಾರವನ್ನು.

ಇನ್ನೊಂದು ಪಾಯಿಂಟ್ ಆಫ್ ನೋ ರಿಟರ್ನ್. ಇರುವ ಎಣ್ಣೆಯಲ್ಲಿ ಎಷ್ಟು ದೂರ ಹೋಗಿ ಹೊರಟಲ್ಲಿಗೇ ಮರಳಬಹುದು ಎಂಬ ಗೆರೆ. ಹನ್ನೆರಡು ತಾಸಿನ ಎಣ್ಣೆಗೆ, ಗಾಳಿ ಇಲ್ಲದಿದ್ದರೆ, 1,200 ಕಿ.ಮೀ. ಎದುರುಗಾಳಿ ಇದ್ದರೆ 1,152. ಸರಿ. "ಬೆನ್ನಿಗೆ ಗಾಳಿ ಇದ್ರ ಭಾಳ ದೂರ ಹೋಗಬಹುದಲ್ಲೋ?" ಎಂದೆ. ಅಳಿಯ ಮಾತಾಡದೆ ದುಂಡನೆಯ ಲೆಕ್ಕದ ಫಲಕ ತಿರುಗಿಸಿ ನನ್ನ ಕೈಗೆ ಕೊಟ್ಟ. 1,152. ನಾನು ಪೆನ್ನು ಹಿಡಿದು ಮತ್ತೆ ಮಾಡಿದೆ. ಅದೇ. ಗಾಳಿ ಮುಂದಿನಿಂದ ಬರಲಿ, ಹಿಂದಿನಿಂದ ಬರಲಿ, ಹೋಗಿ ಮರಳುವವನಿಗೆ ನಷ್ಟ ಒಂದೇ ಸಮ. ಅನುಕೂಲದ ಗಾಳಿಯಲ್ಲಿ ನಾವು ಕಡಿಮೆ ಹೊತ್ತು ಇರುತ್ತೇವೆ, ಪ್ರತಿಕೂಲದ ಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಬೀಳುತ್ತೇವೆ. ಹಾಗಾಗಿ ಕೊಟ್ಟದ್ದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು. ಐವತ್ತು ವರ್ಷ ಗಾಳಿಯಲ್ಲೇ ಬದುಕಿದವನಿಗೆ ಇದು ಗೊತ್ತಿರಲಿಲ್ಲ ನೋಡಿ! ಸಮುದ್ರ ದಾಟುವವರು ಎದೆಗಾರರು ಎಂದು ಓದಿದ್ದೆ. ಮರಳುವ ಗೆರೆಯನ್ನು ಮೊದಲು ಎಳೆದು, ಆ ಗೆರೆ ಬಂದಾಗ ಮನಸ್ಸು ಬೇಡವೆಂದರೂ ವಿಮಾನ ತಿರುಗಿಸುತ್ತೇನೆ ಎಂದು ನೆಲದ ಮೇಲಿರುವಾಗಲೇ ತನಗೆ ತಾನು ಮಾತು ಕೊಡುವುದರಲ್ಲಿ ಎಷ್ಟು ಎದೆಗಾರಿಕೆ ಇದೆ ಎಂಬುದು ಆ ರಾತ್ರಿ ಕಂಡಿತು.

ಮರುದಿನ ಬೆಳಿಗ್ಗೆ ಮತ್ತೆ ಬೇಲಿಯ ಬಳಿ ಹೋದೆವು. ತೊಗರಿ ಹೊಲದ ಮೇಲೆ ಏರೋಪ್ಲೇನ್ ಚಿಟ್ಟೆಗಳ ಹಿಂಡು, ಕಂದುಹಳದಿ ಮೈಯವು. ಮಳೆಗಾಲ ಮುಗಿಯುತ್ತಿದ್ದಂತೆ ಉಮದಿಯಲ್ಲೂ ಕಾಣಿಸುತ್ತವೆ. ಮಾಲ್ಡೀವ್ಸ್‌ನಲ್ಲಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ ಎಂಬವರಿಗೆ ಇವುಗಳ ಬಗ್ಗೆ ಒಂದು ಒಗಟು ಕಾಡಿತ್ತು. ಮೊಟ್ಟೆಯಿಡಲು ಸಿಹಿನೀರಿನ ಕೆರೆ-ಕುಂಟೆಗಳೇ ಅಪರೂಪವಾದ ಆ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಲ್ಲಿ ಲಕ್ಷಗಟ್ಟಲೆ ಚಿಟ್ಟೆ ಬರುವುದೇಕೆ? 2009ರಲ್ಲಿ ಅವರು ತಮ್ಮ ಉತ್ತರ ಪ್ರಕಟಿಸಿದರು: ಇವು ಭಾರತದಿಂದ ಹೊರಟು, ಎತ್ತರದಲ್ಲಿ ಬೀಸುವ ಈಶಾನ್ಯದ ಗಾಳಿಯನ್ನೇರಿ, ಮಾಲ್ಡೀವ್ಸ್ ಹಾದು ಪೂರ್ವ ಆಫ್ರಿಕಕ್ಕೆ ಹೋಗುತ್ತಿವೆ. ಅಲ್ಲಿನ ಮಳೆಯಲ್ಲಿ ಹುಟ್ಟಿದ ಸಂತತಿ ಮುಂಗಾರಿನ ಗಾಳಿಯ ಜೊತೆ ಇತ್ತ ಮರಳುತ್ತದೆ. ಒಂದು ಸುತ್ತು ಮುಗಿಯಲು ಹಲವು ತಲೆಮಾರು ಬೇಕು. ಅರಬರ ಹಾಯಿಹಡಗುಗಳೂ ಇದೇ ಪಂಚಾಂಗ ನೋಡಿ ಹೊರಡುತ್ತಿದ್ದವು. ನಾಗಾಲ್ಯಾಂಡಿನಿಂದ ಬರುವ ಅಮುರ್ ಚಾಣ ಹಕ್ಕಿಗಳಿಗೆ 2013ರಿಂದ ಉಪಗ್ರಹದ ಪಟ್ಟಿ ಕಟ್ಟಿ ನೋಡಿದ್ದಾರೆ. ಅವೂ ನವೆಂಬರಿನಲ್ಲಿ ನಮ್ಮ ಪ್ರಸ್ಥಭೂಮಿಯ ಮೇಲಿಂದ ಹಾದು, ಅರಬ್ಬೀ ಸಮುದ್ರವನ್ನು ನಿಲ್ಲದೆ ದಾಟಿ ಸೊಮಾಲಿಯ ಮುಟ್ಟುತ್ತವೆ. ಚಿಟ್ಟೆಗೆ ಮರಳುವ ಬಿಂದುವಿನ ತಾಪತ್ರಯವಿಲ್ಲ. ಅದು ಮರಳುವುದಿಲ್ಲ. ಒಂದು ಗ್ರಾಂ ಕೂಡ ತೂಗದ ಆ ಜೀವದ ಮುಂದೆ ಸೆಸ್ನಾ ನನಗೆ ಭಾರೀ ಯಂತ್ರವಾಗಿ ಕಂಡಿತು.

ಮನುಷ್ಯನಿಗೆ ಮಾತ್ರ ಕಾಗದ ಬೇಕು. ಯಾರ ಆಕಾಶದಲ್ಲಿ ಹಾರುತ್ತೀರೋ ಅವರ ಅನುಮತಿ, ಇಳಿಯುವಲ್ಲಿ ಕಸ್ಟಮ್ಸ್. ಇಳಿಯುವ ನಿಲ್ದಾಣದಲ್ಲಿ ಸಣ್ಣ ವಿಮಾನದ ಪೆಟ್ರೋಲು ಸಿಗುತ್ತದೆಯೋ, ಜೆಟ್ ವಿಮಾನಗಳ ಸೀಮೆಎಣ್ಣೆ ಮಾತ್ರವೋ ಎಂಬುದನ್ನು ಮೊದಲೇ ಕೇಳಿಡಬೇಕು. ಮಾಮೂಲು ರೇಡಿಯೊ ಹತ್ತು ಸಾವಿರ ಅಡಿಯಿಂದ ಇನ್ನೂರು ಕಿಲೋಮೀಟರಿನ ಆಚೀಚೆಗೆ ಮೂಕವಾಗುತ್ತದೆ. ದೂರದ ಮಾತಿಗೆ ಬೇರೆ ರೇಡಿಯೊ. ಸ್ಯಾಟಲೈಟ್ ಫೋನು ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಪೊಲೀಸರ ಅತಿಥಿ. ಆದರೆ ಸೊಂಟಕ್ಕೆ ಕಟ್ಟಿಕೊಳ್ಳುವ ಅಪಾಯದ ಬೀಕನ್ ಒಂದಿದೆ. ನೀರಿಗೆ ಬಿದ್ದವನು ಅದನ್ನು ಒತ್ತಿದರೆ 406 ಮೆಗಾಹರ್ಟ್ಸ್‌ನ ಕೂಗು ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಇಳಿಯುವುದು ಎಲ್ಲಿಗೆ ಗೊತ್ತೆ? ನಮ್ಮ ಭಾಗದ ಸಮುದ್ರವಾದರೆ ಬೆಂಗಳೂರಿಗೆ, ಇಸ್ರೋದ ಇಸ್ಟ್ರ್ಯಾಕ್ ಕೇಂದ್ರಕ್ಕೆ. ಅಲ್ಲಿಂದ ಸುದ್ದಿ ಕರಾವಳಿ ರಕ್ಷಣಾ ಪಡೆಗೆ. ಅರಬ್ಬೀ ಸಮುದ್ರದ ನಡುವೆ ತೇಲುವವನ ಮೊದಲ ಕೂಗನ್ನು ಕರ್ನಾಟಕದಲ್ಲಿ ಕೇಳಿಸಿಕೊಳ್ಳುತ್ತಾರೆ ಎಂಬುದು ನನ್ನಂಥ ಗಡಿಯವನಿಗೆ ಯಾಕೋ ಸಮಾಧಾನ ಕೊಟ್ಟಿತು.

ನೆಲ ಕಣ್ಮರೆಯಾದ ಕೂಡಲೇ ಎಂಜಿನ್ನಿನ ಸದ್ದು ಬದಲಾದಂತೆ ಕೇಳುತ್ತದಂತೆ. ಎಂಜಿನ್ ಹಾಗೆಯೇ ಇರುತ್ತದೆ, ಕಿವಿ ಹೆದರಿರುತ್ತದೆ. ಪೈಲಟ್‌ಗಳು ತಮ್ಮ ತಮ್ಮಲ್ಲಿ ಹೇಳಿ ನಗುವ ಮಾತು ಇದು.

ಮಧ್ಯಾಹ್ನದ ಬಸ್ಸಿಗೆ ಹೊರಡುವ ಮುನ್ನ ಯೋಜನೆಯ ಕಾಗದವನ್ನು ಅಳಿಯ ಇನ್ನೊಮ್ಮೆ ತೆಗೆದ. ಒಂದು ಸಾಲು ಖಾಲಿ ಇತ್ತು.

"ಮಾಮಾ, ನೀವು ಎಷ್ಟ್ ಕೆ.ಜಿ. ಅದೀರಿ?"

"ಎಂಬತ್ತು."

ಅವನು ಭಾಗಿಸಿದ, ಗುಣಿಸಿದ, ತುಟಿ ಕಚ್ಚಿದ. "ನಿಮ್ಮ ತೂಕದಾಗ ನೂರಾ ಹನ್ನೊಂದು ಲೀಟರ್ ಎಣ್ಣಿ ಬರ್ತೈತ್ರಿ. ಅಂದ್ರ ಮೂರು ತಾಸು ಹೆಚ್ಚಿಗಿ ಹಾರಬಹುದು. ಆರು ನೂರು ಕಿಲೋಮೀಟರ್."

"ಹಂಗಾರ?"

"ನೀವು ಮುಂಬಯಿದಾಗ ಇಳೀರಿ."

"ಮತ್ತ ನಿಮ್ಮವ್ವನ ಹೋಳಿಗಿ ಡಬ್ಬಿ?"

ಅವನು ಡಬ್ಬಿಯನ್ನು ಅಂಗೈ ಮೇಲೆ ಎತ್ತಿ ತೂಗಿ ನೋಡಿದ. "ಎರಡು ಕೆ.ಜಿ. ಆಗ್ತೈತಿ. ಇದು ಇರ್ಲಿ ಬಿಡ್ರಿ."