"ಹಲ್ಲುಜ್ಜುವುದಿಲ್ವಾ?" ಎಂದು ಕೇಳುವ ಮುನ್ನ

ನನ್ನ ಮದುವೆಯ ಮಾತುಕತೆಗೆ ಬಂದಿದ್ದ ಹೆಣ್ಣಿನ ಕಡೆಯ ಹಿರಿಯರೊಬ್ಬರು ಚಹಾ ಕುಡಿದಾದ ಮೇಲೆ ಉಪ್ಪನನ್ನು ಪಕ್ಕಕ್ಕೆ ಕರೆದು, "ಹುಡುಗ ಗುಟ್ಕಾ ಹಾಕುತ್ತಾನಾ?" ಎಂದು ಕೇಳಿದ್ದರು. ನಾನು ಅದುವರೆಗೆ ಒಂದು ಅಡಿಕೆ ಚೂರನ್ನೂ ಬಾಯಿಗೆ ಹಾಕಿದವನಲ್ಲ. ಆದರೆ ಅವರದೂ ತಪ್ಪಲ್ಲ. ನಾನು ನಕ್ಕರೆ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿಗಳು ಕಾಣುತ್ತವೆ. ಮದುವೆಯ ಫೋಟೋಗಳಲ್ಲೆಲ್ಲ ನಾನು ಬಾಯಿ ಮುಚ್ಚಿಕೊಂಡೇ ನಿಂತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಆಂಧ್ರದ ಅನಂತಪುರ ಜಿಲ್ಲೆಯ ರಾಯದುರ್ಗದಲ್ಲಿ. ಬಂಟ್ವಾಳದ ಕಡೆಯಿಂದ ಬಂದ ಉಪ್ಪ ಅಲ್ಲಿ ಒಂದು ಸಣ್ಣ ದಿನಸಿ ಅಂಗಡಿ ಇಟ್ಟಿದ್ದರು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಊರು ಅದು. ಅಂಗಡಿಗೆ ಬರುವವರು ಕೆಲವರು ಕನ್ನಡ, ಕೆಲವರು ತೆಲುಗು. ಮನೆಯೊಳಗೆ ನಾವು ಬ್ಯಾರಿ. ಮಾತು ಬೇರೆಯಾದರೂ ಕುಡಿಯುವ ನೀರು ಎಲ್ಲರಿಗೂ ಒಂದೇ, ಬೋರ್‌ವೆಲ್‌ನದು.

ಬೇಸಿಗೆ ರಜೆಗೆ ಬಂಟ್ವಾಳಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಉಮ್ಮನನ್ನು ಕೇಳುತ್ತಿದ್ದರು: "ಇವನು ಹಲ್ಲುಜ್ಜುವುದಿಲ್ವಾ?" ಉಮ್ಮನಿಗೆ ಅದು ಅವಮಾನ. ವಾಪಸ್ ಬಂದ ಮೇಲೆ ನನ್ನನ್ನು ಬಚ್ಚಲ ಬಳಿ ಕೂರಿಸಿ ಇದ್ದಿಲ ಪುಡಿ, ಉಪ್ಪು, ಅಂಗಡಿಯಲ್ಲಿದ್ದ ಕೆಂಪು ಹಲ್ಲುಪುಡಿ, ಎಲ್ಲದರಲ್ಲೂ ಉಜ್ಜಿಸಿದರು. ಒಸಡಿನಿಂದ ರಕ್ತ ಬಂದರೂ ಬಿಡುತ್ತಿರಲಿಲ್ಲ. ಪಾಲಿಟೆಕ್ನಿಕ್ ಸೇರುವ ಹೊತ್ತಿಗೆ ಕಲೆ ಹಾಗೇ ಇತ್ತು, ಹಲ್ಲು ಮಾತ್ರ ಸವೆದಿತ್ತು. ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿತ್ತು.

ಮದುವೆಯಾದ ವರ್ಷ ಹೆಂಡತಿಯ ಒತ್ತಾಯಕ್ಕೆ ದೇರಳಕಟ್ಟೆಗೆ ಹೋಗಿ ದಂತವೈದ್ಯರಿಗೆ ತೋರಿಸಿದೆ. ಅವರು ಬಾಯೊಳಗೆ ನೋಡಿ ಕೇಳಿದ ಮೊದಲ ಪ್ರಶ್ನೆ ನನಗೆ ಇನ್ನೂ ನೆನಪಿದೆ. "ಚಿಕ್ಕವರಿದ್ದಾಗ ಯಾವ ಊರಿನ ನೀರು ಕುಡಿದಿರಿ?" ಹೇಳಿದೆ. "ಇದು ಕೊಳೆಯಲ್ಲ, ಹುಳುಕೂ ಅಲ್ಲ. ಫ್ಲೋರೋಸಿಸ್. ಕಲೆ ಹಲ್ಲಿನ ಮೇಲೆ ಕೂತಿಲ್ಲ, ಹಲ್ಲಿನೊಳಗೇ ಇದೆ. ಉಜ್ಜಿ ತೆಗೆಯಲು ಆಗುವುದಿಲ್ಲ" ಎಂದರು.

ಕಾರಣ ನೆಲದಡಿಯಲ್ಲಿದೆ. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿ.ಮೀ.; ಮಂಗಳೂರಿನಲ್ಲಿ ಅದರ ಆರು ಪಟ್ಟಿಗೂ ಹೆಚ್ಚು. ಮಳೆ ಕಡಿಮೆಯಾದಲ್ಲಿ ಬೋರ್ ಆಳಕ್ಕೆ ಹೋಗುತ್ತದೆ. ಅಲ್ಲಿ ಗ್ರಾನೈಟ್ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನಮ್ಮ ದೇಶದ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಯೂ ಬಿಗಿಯುತ್ತದೆ. ಆಗಿನ ನೆಲ್ಲೂರು ಜಿಲ್ಲೆಯ ಜನರಲ್ಲಿ ಈ ಮೂಳೆ ರೋಗವನ್ನು ವೈದ್ಯರು ಗುರುತಿಸಿ ಬರೆದದ್ದು 1937ರಲ್ಲಿ. ಹಲ್ಲಿನ ಕಲೆಯ ಕಥೆ ಅದಕ್ಕಿಂತ ಹಳೆಯದು. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಹೋದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿನ ಮಕ್ಕಳ ಕಂದು ಹಲ್ಲು ನೋಡಿ ಹುಡುಕಾಟ ಶುರು ಮಾಡಿದರು. ನೀರಿನಲ್ಲಿದ್ದ ಫ್ಲೋರೈಡೇ ಕಾರಣ ಎಂದು ಗೊತ್ತಾಗಲು 1931 ಬರಬೇಕಾಯಿತು. ವೈದ್ಯರಿಗೇ ಮೂವತ್ತು ವರ್ಷ ಹಿಡಿದ ಮೇಲೆ ನನ್ನ ಉಮ್ಮ ಇದ್ದಿಲ ಪುಡಿ ಹಿಡಿದದ್ದರಲ್ಲಿ ಏನು ತಪ್ಪು?

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಈಗ ಮಡಕಶಿರಾದಲ್ಲಿದ್ದೇನೆ. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಬೋರ್ ಮೋಟಾರ್, ಆರ್‌ಒ ನೀರಿನ ಘಟಕಗಳ ರಿಪೇರಿ ನನ್ನ ಕೆಲಸ. ಹಾಗಾಗಿ ನೀರಿನ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ಹಮ್ಮು ಇತ್ತು. ಮಗಳು ಹುಟ್ಟಿದಾಗಲೇ ಕುಡಿಯಲು ಕ್ಯಾನ್ ನೀರು ಎಂದು ಗಟ್ಟಿ ಮಾಡಿದೆ. ಅಡುಗೆಗೂ ಅದನ್ನೇ ಬಳಸೋಣವೇ ಎಂದು ಹೆಂಡತಿ ಕೇಳಿದಾಗ, "ಹೇಗೂ ಕುದಿಯುತ್ತದಲ್ಲ, ಸುಮ್ಮನೆ ಯಾಕೆ ಖರ್ಚು?" ಎಂದವನು ನಾನೇ.

ಕಳೆದ ವರ್ಷ ಮಗಳಿಗೆ ಏಳು ತುಂಬಿತು. ಮೇಲಿನ ಎರಡು ಹೊಸ ಹಲ್ಲು ಮೂಡಿದವು. ಎರಡರ ಮೇಲೂ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಪಟ್ಟಿ. ಅವಳು ಕನ್ನಡಿ ಹಿಡಿದು ಖುಷಿಯಿಂದ ತೋರಿಸುತ್ತಿದ್ದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗುವುದು ನೀರು, ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಾಢವಾಗುತ್ತದೆ. ಆ ನೀರನ್ನೇ ಅನ್ನ, ಗಂಜಿ, ಸಾರು, ಪತ್ತಿರ್ ಹಿಟ್ಟು ಎಲ್ಲವೂ ಹೀರುತ್ತವೆ. ಚಹಾ ಎಲೆಯಲ್ಲಿ ಮೊದಲೇ ಫ್ಲೋರೈಡ್ ಇದೆ. ಬೋರ್ ನೀರಿನ ಸುಲೈಮಾನಿಯನ್ನು ಚಿಕ್ಕ ಮಕ್ಕಳಿಗೆ ಕುಡಿಸಿದರೆ ಎರಡು ಕಡೆಯಿಂದಲೂ ಕೊಟ್ಟ ಹಾಗೆ. ಉಪ್ಪನ ಉದ್ರಿ ಪುಸ್ತಕ ನೆನಪಾಯಿತು. ಮುಂದಿನ ಶಾಶ್ವತ ಹಲ್ಲುಗಳ ಹೊರಕವಚ ದವಡೆಯೊಳಗೆ ಕಟ್ಟಿಕೊಳ್ಳುವುದು ಮಗುವಿನ ಮೊದಲ ನಾಲ್ಕೈದು ವರ್ಷಗಳಲ್ಲಿ. ಆಗ ಬರೆದ ಲೆಕ್ಕ ಕಣ್ಣಿಗೆ ಕಾಣುವುದು ಏಳನೇ ವಯಸ್ಸಿಗೆ.

ಮರುವಾರ ಬೋರ್ ನೀರನ್ನು ಲ್ಯಾಬಿಗೆ ಕೊಟ್ಟೆ. ಮಿತಿಗಿಂತ ಎರಡು ಪಟ್ಟಿಗೂ ಹೆಚ್ಚು ಬಂತು. ನಾನು ಜೇಬಿನಲ್ಲಿಟ್ಟು ತಿರುಗುವ ಟಿಡಿಎಸ್ ಮೀಟರ್ ಇದನ್ನು ಹೇಳುವುದೇ ಇಲ್ಲ. ಅದು ನೀರಿನಲ್ಲಿ ಕರಗಿದ ಒಟ್ಟು ಲವಣದ ಅಂದಾಜು ಕೊಡುತ್ತದೆ, ಫ್ಲೋರೈಡ್ ಎಷ್ಟೆಂದು ಬೇರೆಯಾಗಿ ತೋರಿಸುವುದಿಲ್ಲ. ಈಗ ನಮ್ಮ ಮನೆಯಲ್ಲಿ ಅಡುಗೆಗೂ ಆರ್‌ಒ ನೀರು. ಬೋರ್ ನೀರು ಪಾತ್ರೆ, ಬಟ್ಟೆ, ಸ್ನಾನಕ್ಕೆ. ಮಗಳಿಗೆ ತಡವಾಯಿತು. ಆದರೆ ಮಗನಿಗೆ ಇನ್ನೂ ಒಂದೂವರೆ ವರ್ಷ, ಅಲ್‌ಹಮ್ದುಲಿಲ್ಲಾಹ್.

ಬಳ್ಳಾರಿ, ಪಾವಗಡ, ಚಿತ್ರದುರ್ಗ, ಅನಂತಪುರದಂಥ ಒಣ ಸೀಮೆಯಲ್ಲಿ ಅಂಗಡಿ, ಬೇಕರಿ ಇಟ್ಟುಕೊಂಡಿರುವ ನಮ್ಮವರಿಗೆ, ನಾನು ಬೆಲೆ ತೆತ್ತು ಕಲಿತ ನಾಲ್ಕು ಮಾತು ಹೇಳುತ್ತೇನೆ.

ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಬೋರ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಆರು ತಿಂಗಳವರೆಗೆ ಮಗುವಿಗೆ ತಾಯಿಹಾಲೇ ಸಾಕು. ತಾಯಿ ಕುಡಿದ ನೀರಿನ ಫ್ಲೋರೈಡ್ ಹಾಲಿಗೆ ಇಳಿಯುವುದು ತೀರಾ ಕಡಿಮೆ. ಹಾಲಿನ ಪುಡಿ ಕಲಸಬೇಕಾಗಿ ಬಂದರೆ ಬೋರ್ ನೀರು ಬೇಡ.

ಕಲೆಗಳನ್ನೆಲ್ಲ ಒಂದೇ ಎಂದುಕೊಳ್ಳಬೇಡಿ. ಫ್ಲೋರೋಸಿಸ್ ಕಲೆ ಹಲ್ಲು ಮೂಡುವಾಗಲೇ ಇರುತ್ತದೆ, ಎಡಬಲದ ಜೋಡಿ ಹಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ, ಸಾಮಾನ್ಯವಾಗಿ ನೋಯುವುದಿಲ್ಲ. ಹುಳುಕಾದರೆ ಒಂದು ಹಲ್ಲಿನಲ್ಲಿ ಕಪ್ಪು ಗುಳಿ ಬಿದ್ದು ಊಟ ಸಿಕ್ಕಿಹಾಕಿಕೊಳ್ಳುತ್ತದೆ, ಸಿಹಿ ತಿಂದರೆ ಚುಳುಕೆನ್ನುತ್ತದೆ. ಅದನ್ನು ಬೇಗ ತುಂಬಿಸಿಕೊಳ್ಳಬೇಕು. ಒಸಡಿನಂಚಿನ ಹಳದಿ ಗಾರೆಯನ್ನೂ ಎಲೆಯಡಿಕೆಯ ಕಲೆಯನ್ನೂ ವೈದ್ಯರು ಕ್ಲೀನ್ ಮಾಡಿ ತೆಗೆಯುತ್ತಾರೆ. ಅದರಿಂದ ಹಲ್ಲು ಸಡಿಲವಾಗುತ್ತದೆ ಎನ್ನುವುದು ಸುಳ್ಳು. ಸಡಿಲ ಮಾಡುವುದು ಆ ಗಾರೆಯೇ.

ಮೆತ್ತನೆಯ ಬ್ರಷ್‌ನಿಂದ ದಿನಕ್ಕೆರಡು ಬಾರಿ, ಎರಡೆರಡು ನಿಮಿಷ ಉಜ್ಜಿದರೆ ಸಾಕು. ರಾತ್ರಿಯದನ್ನು ತಪ್ಪಿಸಬೇಡಿ. ಮಿಸ್ವಾಕ್ ಬಳಸುವವರು ತುದಿಯನ್ನು ನೆನೆಸಿ ಮೆತ್ತಗೆ ಮಾಡಿಕೊಳ್ಳಿ. ಇದ್ದಿಲು, ಇಟ್ಟಿಗೆ ಪುಡಿ ಬೇಡವೇ ಬೇಡ. ಪೇಸ್ಟಿನಲ್ಲಿರುವ ಫ್ಲೋರೈಡ್ ಹುಳುಕು ತಡೆಯುತ್ತದೆ. ತೊಂದರೆ ಮಕ್ಕಳು ಅದನ್ನು ನುಂಗಿದಾಗ. ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಮಾನ್ಯ ಲೆಕ್ಕ. ನಮ್ಮಂಥ ನೀರಿನ ಊರಿನಲ್ಲಿ ಯಾವ ಪೇಸ್ಟ್ ಎಂದು ವೈದ್ಯರನ್ನೇ ಕೇಳಿ. ದೊಡ್ಡವರ ಕಲೆಗೆ ದಾರಿ ಇದೆ: ತೆಳುವಾಗಿದ್ದರೆ ಮೇಲ್ಪದರವನ್ನು ನವಿರಾಗಿ ತೆಗೆಯುತ್ತಾರೆ, ಗಾಢವಾಗಿದ್ದರೆ ಹಲ್ಲಿನ ಬಣ್ಣದ ಪದರ ಕೂರಿಸುತ್ತಾರೆ.

ಮೊನ್ನೆ ಮದುವೆಯೊಂದಕ್ಕೆ ಬಂಟ್ವಾಳಕ್ಕೆ ಹೋಗಿದ್ದೆವು. ಸಂಬಂಧಿಕರೊಬ್ಬರು ಮಗಳ ಗಲ್ಲ ಹಿಡಿದು ಅದೇ ಹಳೆಯ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಉಮ್ಮ, "ಅವಳು ದಿನಾ ಎರಡು ಸಲ ಉಜ್ಜುತ್ತಾಳೆ. ಅದು ನೀರಿನ ಕಲೆ" ಎಂದರು. ಆಮೇಲೆ ನನ್ನ ಕಡೆ ನೋಡಿ, ಮೆಲ್ಲಗೆ, "ನಿನ್ನದೂ ಅದೇ ಆಗಿತ್ತಲ್ಲ ಮೋನೆ" ಎಂದರು.