ಗೊರಕೆ ನಿಂತ ಹೊತ್ತು

📷 1. ತಾರಸಿಯಿಂದ ಶಿವಗಂಗೆ ಬೆಟ್ಟ, ಬೆಳಿಗ್ಗೆ 6 ಗಂಟೆ

‘ಏನ್ ಗುರು, ಬೆಳಬೆಳಿಗ್ಗೆನೇ ಬೆಟ್ಟದ ಫೋಟೊ’ ಅನ್ಬೇಡಿ. ಇಲ್ಲಿ ಸುದ್ದಿ ಬೆಟ್ಟ ಅಲ್ಲ. ಯಾರೂ ಎಬ್ಬಿಸದೆ, ತಲೆನೋವಿಲ್ಲದೆ, ನಾನೇ ಎದ್ದು ತಾರಸಿ ಹತ್ತಿ ಬಂದಿದೀನಲ್ಲ, ಅದು ಸುದ್ದಿ. ಎರಡು ತಿಂಗಳ ಹಿಂದೆ ಎಂಟು ಗಂಟೆ ಮಲಗಿ ಎದ್ರೂ ರಾತ್ರಿಯೆಲ್ಲ ಮೂಟೆ ಹೊತ್ತವನ ಥರ ಇರ್ತಿದ್ದೆ.

ನಮ್ಮ ಮನೆ ದಾಬಸ್‌ಪೇಟೆಯಲ್ಲಿ, ಹೈವೇ ಸದ್ದು ಕೇಳೋವಷ್ಟು ಹತ್ತಿರ. ‘ಈ ಲಾರಿಗಳ ಕಾಟಕ್ಕೆ ನಿದ್ದೆ ಆಗಲ್ಲ ಕಣೇ’ ಅಂತ ವರ್ಷಗಟ್ಟಲೆ ಹೇಳ್ಕೊಂಡು ಬಂದೆ. ಒಂದಿನ ನಮ್ಮನೆಯವಳು ತಣ್ಣಗೆ ಹೇಳಿದ್ಲು: ‘ಲಾರಿ ಸದ್ದು ನಂಗೆ ಯಾವತ್ತೋ ಅಭ್ಯಾಸ ಆಯ್ತು ರೀ. ನಿಮ್ಮ ಗೊರಕೆನೂ ಆಯ್ತು. ಅದು ನಡುವೆ ನಿಂತುಬಿಡುತ್ತಲ್ಲ, ಅದು ಮಾತ್ರ ಅಭ್ಯಾಸ ಆಗ್ಲಿಲ್ಲ.’

ನಾನು ನಕ್ಕೆ. ಗೊರಕೆ ಅಂದ್ರೆ ನಮ್ಮ ಕಡೆ ನಗೋ ವಿಷಯನೇ ಅಲ್ವಾ? ಕುಂಭಕರ್ಣ ಅಂತಾರೆ, ಒಳ್ಳೆ ನಿದ್ದೆ, ಪುಣ್ಯವಂತ ಅಂತಾರೆ. ಅವಳು ನಗಲಿಲ್ಲ. ಮೊಬೈಲ್ ತೆಗೆದು ವಿಡಿಯೊ ತೋರಿಸಿದ್ಲು. ಗೊರಕೆ ಬರ್ತಿದೆ, ಬರ್ತಿದೆ, ಫಕ್ಕನೆ ನಿಂತು ಹೋಯ್ತು. ಎದೆ ಎಳೆದಾಡ್ತಿದೆ, ಉಸಿರಿಲ್ಲ. ವಿಡಿಯೊದಲ್ಲಿ ಅವಳ ಧ್ವನಿ ಮೆಲ್ಲಗೆ ಎಣಿಸ್ತಿದೆ. ಇಪ್ಪತ್ತಾರಕ್ಕೆ ನಾನು ನೀರಲ್ಲಿ ಮುಳುಗಿ ಮೇಲೆ ಬಂದವನ ಹಾಗೆ ಗಬಕ್ಕನೆ ಉಸಿರೆಳೆದು ಪಕ್ಕಕ್ಕೆ ಹೊರಳಿದೆ. ಅದು ಯಾವುದೂ ನನಗೆ ಗೊತ್ತೇ ಇಲ್ಲ.

📷 2. ಹಳದಿ ಗೆರೆ ದಾಟಿದ ಟೈರ್ ಗುರುತು

ವಿಡಿಯೊ ನೋಡಿದ ಮೇಲೂ ಡಾಕ್ಟರ್ ಹತ್ರ ಹೋಗಲಿಲ್ಲ. ಹೋಗಿದ್ದು ಇದಾದ ಮೇಲೆ.

ನಾನು ಸೋಂಪುರ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋಡೌನಲ್ಲಿ ಫೋರ್ಕ್‌ಲಿಫ್ಟ್ ಓಡಿಸ್ತೀನಿ. ಮಧ್ಯಾಹ್ನ ಊಟ ಆದ್ಮೇಲೆ ಪ್ಯಾಲೆಟ್ ಎತ್ಕೊಂಡು ಬರ್ತಿದ್ದೆ. ಕಣ್ಣು ಮುಚ್ಚಿದ್ದು ನೆನಪಿಲ್ಲ, ತೆರೆದಿದ್ದು ಮಾತ್ರ ನೆನಪಿದೆ. ಗಾಡಿ ಹಳದಿ ಗೆರೆ ದಾಟಿ ಹೋಗಿ ರ‍್ಯಾಕಿನ ಕಂಬಕ್ಕೆ ತಗುಲಿತ್ತು. ಲೆಕ್ಕ ಬರೀತಿದ್ದ ಹುಡುಗ ಹಿಂದಕ್ಕೆ ಹಾರಿ ನಿಂತಿದ್ದ. ಅವನಿಗೂ ಕಂಬಕ್ಕೂ ಮಧ್ಯೆ ಒಂದು ಮೊಳ ಜಾಗ ಇತ್ತು ಅಷ್ಟೆ.

ಎಲ್ಲರ ಮುಂದೆ ‘ಬ್ರೇಕ್ ಹಿಡೀಲಿಲ್ಲ’ ಅಂದೆ. ಸುಳ್ಳು. ಮೂರು ದಿನ ಆ ಸುಳ್ಳು ಇಟ್ಕೊಂಡು ಓಡಾಡಿ, ನಾಲ್ಕನೇ ದಿನ ಸೂಪರ್‌ವೈಸರ್ ಹತ್ರ ಹೋಗಿ ನಿಜ ಹೇಳಿದೆ. ಗಾಡಿ ಕೆಲಸದಿಂದ ಇಳಿಸಿ ಸ್ಟಾಕ್ ಎಣಿಸೋಕೆ ಹಾಕಿದ್ರು. ಓಟಿ ದುಡ್ಡು ಹೋಯ್ತು. ಆ ಹುಡುಗನ ಮುಖ ನೋಡೋಕೆ ಆಯ್ತಲ್ಲ, ಅಷ್ಟು ಸಾಕಾಯ್ತು.

📷 3. ಮೈತುಂಬ ವೈರು

ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದ್ರು. ತಲೆಗೆ ವೈರು, ಎದೆ ಹೊಟ್ಟೆಗೆ ಪಟ್ಟಿ, ಬೆರಳಿಗೆ ಆಕ್ಸಿಜನ್ ನೋಡೋ ಕ್ಲಿಪ್ಪು. ಉಸಿರು ಕನಿಷ್ಠ 10 ಸೆಕೆಂಡ್ ನಿಂತ್ರೆ, ಇಲ್ಲಾ ತೀರಾ ಕಮ್ಮಿಯಾದ್ರೆ ಒಂದು ಲೆಕ್ಕ. ಗಂಟೆಗೆ 5ಕ್ಕಿಂತ ಕಮ್ಮಿ ಇದ್ರೆ ಪರವಾಗಿಲ್ಲ, 30 ದಾಟಿದ್ರೆ ತೀವ್ರ. ನಂದು 42. ಅಂದ್ರೆ ಹೆಚ್ಚುಕಮ್ಮಿ ಒಂದೂವರೆ ನಿಮಿಷಕ್ಕೊಂದು ಸಲ. ಕಾಯಿಲೆ ಹೆಸರು ಸ್ಲೀಪ್ ಆಪ್ನಿಯಾ.

ತೋಟಕ್ಕೆ ನೀರು ಬಿಡೋ ಚಪ್ಪಟೆ ಪೈಪು ನೋಡಿದೀರಲ್ಲ? ಮೋಟ್ರು ಆನ್ ಇದ್ರೆ ದುಂಡಗಿರುತ್ತೆ, ಆಫ್ ಮಾಡಿದ್ರೆ ಮಡಚ್ಕೊಂಡು ಬೀಳುತ್ತೆ. ನಿದ್ದೆಯಲ್ಲಿ ಸ್ನಾಯು ಸಡಿಲ ಆದಾಗ ನನ್ನ ಗಂಟಲು ಮಾಡ್ತಿದ್ದಿದ್ದು ಅದನ್ನೇ. ಸಿಪ್ಯಾಪ್ ಮೆಷಿನ್ ಮೂಗಿನಿಂದ ಒತ್ತಡದಲ್ಲಿ ಗಾಳಿ ಬಿಟ್ಟು ಆ ದಾರಿ ಮುಚ್ಚದ ಹಾಗೆ ನೋಡ್ಕೊಳ್ಳುತ್ತೆ. ಆಕ್ಸಿಜನ್ ಅಲ್ಲ, ರೂಮಲ್ಲಿರೋ ಮಾಮೂಲಿ ಗಾಳಿ. ಇದನ್ನ ಕಂಡುಹಿಡಿದಿದ್ದು ಆಸ್ಟ್ರೇಲಿಯಾದ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್, 1980ರಲ್ಲಿ. ಕಸ ಎಳೆಯೋ ವ್ಯಾಕ್ಯೂಮ್ ಕ್ಲೀನರ್ ಮೋಟ್ರನ್ನೇ ಉಲ್ಟಾ ಬಳಸಿ ಗಾಳಿ ಊದಿಸಿದ್ರಂತೆ. ಮರುವರ್ಷ ಐದು ಜನ ರೋಗಿಗಳ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ ಐವರ ಪಾಡು ನೆನೆಸ್ಕೊಂಡ್ರೆ ನಮ್ಮದು ರಾಜಯೋಗ.

📷 4. ಮಾಸ್ಕ್ ಹಾಕ್ಕೊಂಡ ನಾನು (ನಗಬಹುದು)

ಮೊದಲ ವಾರದ ಲೆಕ್ಕ ಮೆಷಿನ್‌ನಲ್ಲೇ ಇದೆ. ಮೊದಲ ರಾತ್ರಿ 40 ನಿಮಿಷ. ಎರಡನೇ ರಾತ್ರಿ 1 ಗಂಟೆ 10 ನಿಮಿಷ. ಮೂರನೇದು ಸೊನ್ನೆ, ಮುಟ್ಟಲೇ ಇಲ್ಲ. ಬೈಕಲ್ಲಿ ಹೋಗ್ತಾ ಬಾಯಿ ತೆರೆದ ಹಾಗೆ ಗಾಳಿ ನುಗ್ಗುತ್ತೆ. ಉಸಿರು ಬಿಡೋಕೇ ಆಗಲ್ಲ ಅನ್ನಿಸುತ್ತೆ. ಕಿತ್ತು ಬಿಸಾಕಿ ಕೂತುಬಿಡ್ತಿದ್ದೆ.

ಅದಕ್ಕಿಂತ ಕಷ್ಟ ಆಗಿದ್ದು ಅಮ್ಮನ್ನ ನೋಡಿ. ಕೊರೋನಾ ಟೈಮಲ್ಲಿ ಟಿವಿಯಲ್ಲಿ ನೋಡಿದ್ರಲ್ಲ, ಮಾಸ್ಕ್ ಪೈಪು ಕಂಡ ತಕ್ಷಣ ಬಾಗಿಲಲ್ಲೇ ಕೂತು ಅತ್ರು. ‘ಅಷ್ಟು ಸೀರಿಯಸ್ಸಾ ಮಗ?’ ಅಂದ್ರು. ಹೊಸಬರಾದ್ರೆ ನನ್ನ ಮೊದಲ ಮಾತು ಇದು: ಮನೆಯವರಿಗೆ ಹಗಲಲ್ಲೇ ತೋರಿಸಿ, ಅವರ ಕೈಗೆ ಗಾಳಿ ಬಿಟ್ಟು ತೋರಿಸಿ. ಭಯ ಅರ್ಧ ಇಳಿಯುತ್ತೆ. ನಿಮ್ಮದೂ ಇಳಿಯುತ್ತೆ.

ನನಗೆ ಕೆಲಸಕ್ಕೆ ಬಂದಿದ್ದು ಇಷ್ಟು:

▪️ ದಿನಾ ಸಂಜೆ ಟಿವಿ ಮುಂದೆ ಇಪ್ಪತ್ತು ನಿಮಿಷ ಎಚ್ಚರವಾಗಿದ್ದಾಗಲೇ ಹಾಕ್ಕೊಳ್ಳಿ. ನಿದ್ದೆ ಮಾಡೋ ಹಠ ಬೇಡ, ಬರೀ ಉಸಿರಾಡಿ.
▪️ ‘ರ‍್ಯಾಂಪ್’ ಅಂತ ಒಂದು ಸೆಟ್ಟಿಂಗ್ ಇರುತ್ತೆ. ಗಾಳಿ ಮೆಲ್ಲಗೆ ಶುರುವಾಗಿ ಆಮೇಲೆ ಏರುತ್ತೆ. ಮುಖ್ಯ ಒತ್ತಡವನ್ನ ಮಾತ್ರ ನೀವೇ ತಿರುಗಿಸ್ಬೇಡಿ, ಅದು ಡಾಕ್ಟರ್ ಕೆಲಸ.
▪️ ಮಾಸ್ಕ್ ಪಟ್ಟಿ ಮಲಗಿಕೊಂಡು ಸರಿ ಮಾಡಿ. ಕೂತಾಗ ಸರಿ ಇದ್ದಿದ್ದು ಮಲಗಿದಾಗ ಲೀಕ್ ಆಗುತ್ತೆ. ಬಿಗಿದಷ್ಟೂ ಒಳ್ಳೇದು ಅನ್ನೋದು ತಪ್ಪು. ನಾನು ಬಿಗಿದು ಬಿಗಿದು ಮೂಗಿನ ಮೇಲೆ ಗಾಯ ಮಾಡ್ಕೊಂಡೆ.
▪️ ಮೀಸೆ! ನನ್ನ ಮೀಸೆ ಸಂದಿಯಿಂದ ಗಾಳಿ ಸೋರ್ತಿತ್ತು. ‘ಬೋಳಿಸ್ಬೇಕಾ?’ ಅಂತ ಕೇಳ್ದಾಗ ಟೆಕ್ನಿಷಿಯನ್ ನಕ್ಕು, ಮೂಗಿನ ಹೊಳ್ಳೆಗೆ ಕೂರೋ ಸಣ್ಣ ಮಾಸ್ಕ್ ಕೊಟ್ರು. ಮೀಸೆ ಉಳೀತು.
▪️ ನೀರಿನ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕಿ. ನಾನು ಒಂದೆರಡು ದಿನ ಬೋರ್‌ವೆಲ್ ನೀರು ಹಾಕಿದ್ದಕ್ಕೆ ಬಿಸಿನೀರಿನ ಹಂಡೆ ಥರ ಬಿಳಿ ಪದರ ಕಟ್ಟಿತು.
▪️ ಕೊಳ್ಳೋ ಮೊದಲು ಒಂದು ತಿಂಗಳು ಬಾಡಿಗೆಗೆ ಸಿಗುತ್ತಾ ಕೇಳಿ. ಸಾವಿರಗಟ್ಟಲೆ ದುಡ್ಡಿನ ವಿಷಯ.

ಎರಡನೇ ವಾರ ಒಂದು ರಾತ್ರಿ ಮಳೆಗೆ ಕರೆಂಟ್ ಹೋಯ್ತು. ಮೆಷಿನ್ ನಿಂತು, ಗಾಬರಿಯಾಗಿ ಎದ್ದೆ. ಮಾಸ್ಕಲ್ಲಿ ತೂತುಗಳಿರುತ್ತವೆ, ಉಸಿರು ಕಟ್ಟಲ್ಲ, ಆದ್ರೂ ಹೆದರಿಕೆ ಆಯ್ತು. ಈಗ ಯುಪಿಎಸ್‌ಗೆ ಕನೆಕ್ಷನ್ ಕೊಟ್ಟಿದೀನಿ. ಕರೆಂಟ್ ಇಲ್ಲದಾಗ ನೀರು ಬಿಸಿ ಮಾಡೋದನ್ನ ಆಫ್ ಮಾಡಿದ್ರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತೆ.

📷 5. ಅಪ್ಪನ ಮಂಚ

ಅಪ್ಪ ಹೋಗಿದ್ದು 54ನೇ ವಯಸ್ಸಿಗೆ, ಇದೇ ಮಂಚದ ಮೇಲೆ, ನಿದ್ದೆಯಲ್ಲಿ. ಅವರದ್ದೂ ಬೀದಿಗೆ ಕೇಳೋ ಗೊರಕೆ. ‘ಯಾರಿಗೂ ತೊಂದ್ರೆ ಕೊಡದೆ ಹೋದ್ರು, ಪುಣ್ಯಾತ್ಮ’ ಅಂತ ಊರೆಲ್ಲ ಅಂತು. ನಾನೂ ಅದನ್ನೇ ನಂಬಿದ್ದೆ.

ಮೂರನೇ ವಾರದಲ್ಲಿ ಒಂದಿನ ಅಮ್ಮ ನನ್ನ ಮಾಸ್ಕ್ ತೊಳೆದು ನೆರಳಲ್ಲಿ ಒಣಗಿಸ್ತಾ ಇದ್ರು. ಕೈಯಲ್ಲಿ ಮಾಸ್ಕ್ ಹಿಡ್ಕೊಂಡೇ ಹೇಳಿದ್ರು: ‘ನಿಮ್ಮಪ್ಪಂಗೂ ಹಿಂಗೇ ನಿಂತುಹೋಗ್ತಿತ್ತು ಕಣಪ್ಪ. ನಾನು ಬೆನ್ನಿಗೆ ಗುದ್ದಿ ಗುದ್ದಿ ಎಬ್ಬಿಸ್ತಿದ್ದೆ. ಆವತ್ತು ನಾನು ತೌರಿಗೆ ಹೋಗಿದ್ದೆ.’

ಇಷ್ಟು ವರ್ಷ ಅಮ್ಮ ಇದನ್ನ ಯಾರಿಗೂ ಹೇಳಿರ್ಲಿಲ್ಲ. ಡಾಕ್ಟರ್ ಹತ್ರ ಕೇಳಿದೆ. ಅಪ್ಪನ ಸಾವಿಗೆ ಇದೇ ಕಾರಣ ಅಂತ ಈಗ ಹೇಳೋಕಾಗಲ್ಲ, ತಾಯಿಯವರು ತಪ್ಪು ಹೊತ್ಕೊಳ್ಳೋದು ಬೇಡ ಅಂತ ಹೇಳಿ ಅಂದ್ರು. ಹೇಳಿದೆ. ಅಮ್ಮ ತಲೆಯಾಡಿಸಿದ್ರು, ಮಾತಾಡ್ಲಿಲ್ಲ. ಮಾರನೇ ದಿನದಿಂದ ರಾತ್ರಿ ಹತ್ತಾದ್ರೆ ಅವರೇ ಬಂದು ನೀರಿನ ಡಬ್ಬಿ ತುಂಬಿಸಿ ಹೋಗ್ತಾರೆ.

ಅದಾದ್ಮೇಲೆ ನಾನು ಒಂದು ರಾತ್ರಿಯೂ ಮೆಷಿನ್ ಬಿಟ್ಟಿಲ್ಲ.

📷 6. ಮೆಷಿನ್ ಪರದೆ: 5 ಗಂಟೆ 50 ನಿಮಿಷ

ಐದನೇ ವಾರ. 42 ಇದ್ದಿದ್ದು 3.8ಕ್ಕೆ ಇಳಿದಿತ್ತು. ಅವತ್ತು ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರ ಆಯ್ತು. ಎದೆ ಮೇಲೆ ಒಂದು ಕೈ ಇತ್ತು. ನಮ್ಮನೆಯವಳು ಎದ್ದು ಕೂತಿದ್ಲು.

‘ಏನಾಯ್ತೇ?’

‘ಏನಿಲ್ಲ. ಸದ್ದೇ ಇರ್ಲಿಲ್ಲ. ನೋಡ್ದೆ.’

ಹದಿನಾರು ವರ್ಷ ನಾನು ಮಲಗಿದ್ದೆ, ಅವಳು ಎಣಿಸ್ತಿದ್ಲು. ನನಗೆ ಐದು ವಾರದಲ್ಲಿ ಅಭ್ಯಾಸ ಆಯ್ತು, ಅವಳಿಗೆ ಈ ಹೊಸ ಮೌನ ಇನ್ನೂ ಅಭ್ಯಾಸ ಆಗ್ತಿದೆ. ಹೋದ ಭಾನುವಾರ ಮೊದಲನೇ ಸಲ ನನಗಿಂತ ಲೇಟಾಗಿ ಎದ್ಲು. ನಾನೇ ಕಾಫಿ ಮಾಡಿ, ಎಬ್ಬಿಸದೆ, ಲೋಟ ಮುಚ್ಚಿಟ್ಟು ತಾರಸಿಗೆ ಬಂದೆ. ಮೊದಲನೇ ಫೋಟೊ ಅವತ್ತಿಂದು.

ಗಾಡಿ ಕೆಲಸ ಇನ್ನೂ ವಾಪಸ್ ಸಿಕ್ಕಿಲ್ಲ. ಮುಂದಿನ ತಿಂಗಳು ಡಾಕ್ಟರ್ ಪತ್ರ ಕೊಟ್ರೆ ನೋಡೋಣ ಅಂದಿದಾರೆ. ಕಾಯ್ತೀನಿ.

ನಿಮ್ಮ ಹತ್ರ ಒಂದೇ ಕೇಳೋದು. ಇವತ್ತು ರಾತ್ರಿ ಮನೆಯಲ್ಲಿ ಗೊರಕೆ ಹೊಡೆಯೋರು ಇದ್ರೆ ಸದ್ದು ಕೇಳ್ಬೇಡಿ, ಸದ್ದು ನಿಲ್ಲೋದನ್ನ ಕೇಳಿ. ನಿಂತು, ಆಮೇಲೆ ಗಬಕ್ಕನೆ ಉಸಿರೆಳೆದ್ರೆ ಒಂದು ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ನೀವೇ ಗೊರಕೆಯವರಾದ್ರೆ ಪಕ್ಕದಲ್ಲಿ ಮಲಗೋರನ್ನ ಕೇಳಿ. ಅವರು ಹೇಳಿದ್ದಕ್ಕೆ ನನ್ನ ಥರ ನಗ್ಬೇಡಿ.

ಮುಂದಿನ ಭಾಗದಲ್ಲಿ: ನೈಟ್ ಶಿಫ್ಟ್ ಮುಗಿಸಿ ಹಗಲು ಮಲಗೋರು ಮಾಸ್ಕ್ ಹೆಂಗೆ ಹೊಂದಿಸ್ಕೊಳ್ಳೋದು.

#ಗೊರಕೆ #ಸ್ಲೀಪ್‌ಆಪ್ನಿಯಾ #ಸಿಪ್ಯಾಪ್ #ದಾಬಸ್‌ಪೇಟೆ