ಎದುರು ಕುಳಿತ ಜತೆಗಾರ

ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕುಟುಂಬಗಳ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಅದಕ್ಕೆ ಕಾರಣವಿಲ್ಲದಿಲ್ಲ. ಕೋಳಿ ಅಂಕದ ಗದ್ದೆಯಂಚಿನಲ್ಲಿ, ಜಾತ್ರೆಯ ಕತ್ತಲ ಮೂಲೆಯಲ್ಲಿ ಅಂದರ್-ಬಾಹರ್ ಆಡಿ, ಅಡಿಕೆ ಮಾರಿದ ಹಣವನ್ನೆಲ್ಲ ಕಳೆದು ಬರಿಗೈಯಲ್ಲಿ ಮನೆಗೆ ಮರಳಿದವರ ಕಥೆ ನಮ್ಮ ಪುತ್ತೂರು ಸೀಮೆಯ ಯಾವ ಊರಿನಲ್ಲಿಲ್ಲ? ಪತ್ರಕರ್ತರ ಪಾಲಕರಾದ ಸಂತ ಫ್ರಾನ್ಸಿಸ್ ಡಿ ಸೇಲ್ಸರು ಕೂಡ 1609ರಲ್ಲಿ ಪ್ರಕಟವಾದ ತಮ್ಮ ಭಕ್ತಿಜೀವನದ ಗ್ರಂಥದಲ್ಲಿ ಚದುರಂಗಕ್ಕೆ ಅನುಮತಿಯಿತ್ತು, ದಾಳ ಮತ್ತು ಇಸ್ಪೀಟನ್ನು ಹೊರಗಿಟ್ಟರು. ಅವರ ಆಕ್ಷೇಪಣೆಗಳಲ್ಲಿ ಎರಡು ಮುಖ್ಯವಾದವು: ಈ ಆಟಗಳಲ್ಲಿ ಲಾಭವು ಸಾಮರ್ಥ್ಯಕ್ಕಲ್ಲ, ಅದೃಷ್ಟಕ್ಕೆ ಸಲ್ಲುತ್ತದೆ, ಮನಸ್ಸು ಸದಾ ಬಿಗಿದುಕೊಂಡೇ ಇರುವುದರಿಂದ ಅದು ವಿಶ್ರಾಂತಿಯೂ ಅಲ್ಲ.

ಹೀಗಿದ್ದರೂ ಐವತ್ತು ದಾಟಿದ ಮೇಲೆ ನಾನು ಕುಂಬ್ರದಲ್ಲಿ ಇಪ್ಪತ್ತೆಂಟು ಎಂಬ ಆಟವನ್ನು ಕಲಿತೆ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಿಂದ ಬೆಳ್ಳಾರೆಯ ರಸ್ತೆ ಕವಲೊಡೆಯುವ ಊರು ಅದು. ಕಲಿಸಿದವರು ನಿವೃತ್ತ ಮಾಷ್ಟ್ರು. ಅವರ ಜಗಲಿಯಲ್ಲಿ ಕೂಡುವ ಇನ್ನಿಬ್ಬರಲ್ಲಿ ಒಬ್ಬರು ಅಡಿಕೆ ಕೃಷಿಕರಾದ ಭಟ್ರು, ಮತ್ತೊಬ್ಬರು ದಿನಸಿ ಅಂಗಡಿಯ ಬ್ಯಾರಿ ಸಾಹೇಬರು. ಆಟಿ ತಿಂಗಳ ಮಳೆ ಬಿಡದೆ ಹೊಡೆಯುವಾಗ ಅಡಿಕೆಗೆ ಮದ್ದು ಬಿಡುವಂತಿಲ್ಲ, ಅಂಗಡಿಗೆ ಗಿರಾಕಿಗಳಿಲ್ಲ. ನಾಲ್ಕನೆಯ ಕೈಯೊಂದು ಬೇಕಾಗಿತ್ತು.

ಕೇರಳದಲ್ಲಿ ಮನೆಮನೆಯ ಆಟವಾಗಿರುವ ಇದನ್ನು ನಮ್ಮ ಗಡಿ ಪ್ರದೇಶದವರೂ ಬಲ್ಲರು. ಆರರವರೆಗಿನ ಸಣ್ಣ ಎಲೆಗಳನ್ನು ತೆಗೆದಿಟ್ಟರೆ ಉಳಿಯುವುದು 32. ಎದುರು-ಬದುರು ಕುಳಿತವರು ಜತೆಗಾರರು. ವಿಚಿತ್ರವೆಂದರೆ ಇಲ್ಲಿ ರಾಜ ರಾಣಿಯರಿಗೆ ಒಂದು ಅಂಕವೂ ಇಲ್ಲ. ಎಲ್ಲರಿಗಿಂತ ದೊಡ್ಡವನು ಗುಲಾಮ, ಅವನಿಗೆ ಮೂರು ಅಂಕ. ಅವನ ಹಿಂದೆ ಒಂಬತ್ತು, ಅದಕ್ಕೆ ಎರಡು; ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ಒಂದು ಬಣ್ಣಕ್ಕೆ ಏಳು, ನಾಲ್ಕು ಬಣ್ಣಕ್ಕೆ ಇಪ್ಪತ್ತೆಂಟು. ಸ್ವಿಟ್ಜರ್‌ಲೆಂಡಿನ ಯಾಸ್ ಎಂಬ ಆಟದಲ್ಲಿಯೂ ತುರುಪಿನ ಗುಲಾಮನೇ ಮೊದಲಿಗ, ಒಂಬತ್ತು ಎರಡನೆಯದು. ನಿಮ್ಮಲ್ಲಿ ದೊಡ್ಡವನಾಗಬಯಸುವವನು ಸೇವಕನಾಗಲಿ ಎಂಬ ಶುಭಸಂದೇಶದ ಮಾತು ನನಗೆ ನೆನಪಾಗದಿರಲಿಲ್ಲ. ಅದನ್ನು ಹೇಳಿದಾಗ ಮಾಷ್ಟ್ರು, "ಫಾದರ್, ಪ್ರಸಂಗ ಭಾನುವಾರಕ್ಕಿರಲಿ, ಎಲೆ ಹಾಕಿ" ಎಂದರು.

ಮೊದಲು ನಾಲ್ಕೇ ಎಲೆ ಹಂಚುತ್ತಾರೆ. ಅಷ್ಟನ್ನೇ ನೋಡಿ ಇಷ್ಟು ಅಂಕ ಗಳಿಸುತ್ತೇವೆಂದು ಸವಾಲು ಹಾಕಬೇಕು. ಹದಿನಾಲ್ಕಕ್ಕೆ ಕಡಿಮೆ ಇಲ್ಲ. ಗೆದ್ದವನು ತುರುಪಿನ ಎಲೆಯನ್ನು ಮಗುಚಿ ಇಡುತ್ತಾನೆ. ಆಮೇಲೆ ಉಳಿದ ನಾಲ್ಕು ಬರುತ್ತವೆ. ಆ ತುರುಪು ಯಾವುದೆಂದು ಅವನ ಜತೆಗಾರನಿಗೂ ಗೊತ್ತಿರುವುದಿಲ್ಲ. ಕೇಳಿದ ಬಣ್ಣ ಕೈಯಲ್ಲಿಲ್ಲದ ಒಬ್ಬನು ತೋರಿಸೆಂದು ಕೇಳುವವರೆಗೆ ಅದು ಮಗುಚಿಯೇ ಇರುತ್ತದೆ.

ಹೊಸಬನಿಗೆ ಕಷ್ಟವಾಗುವುದು ಎಲೆಗಳ ಲೆಕ್ಕವಲ್ಲ. 32 ಎಲೆಗಳನ್ನು ಒಂದು ತಿಂಗಳಲ್ಲಿ ನೆನಪಿಡಬಹುದು. ಕಷ್ಟವಿರುವುದು ಕೊಡುವುದರಲ್ಲಿ. ಜತೆಗಾರನು ಸುತ್ತನ್ನು ಗೆಲ್ಲುವಂತಿದ್ದರೆ ನಮ್ಮ ಕೈಯಲ್ಲಿರುವ ಎಕ್ಕವನ್ನೋ ಹತ್ತನ್ನೋ ಅದಕ್ಕೆ ಸುರಿಯಬೇಕು. ಅವನು ಗೆಲ್ಲುತ್ತಾನೆಂದು ಯಾರೂ ಹೇಳಿರುವುದಿಲ್ಲ. ಮಾತಾಡುವಂತಿಲ್ಲ, ಹುಬ್ಬು ಹಾರಿಸುವಂತಿಲ್ಲ. ಅವನು ಈ ಮುಂಚೆ ಏನು ಹಾಕಿದ, ಏನನ್ನು ಹಾಕಲಿಲ್ಲ ಎಂಬುದರಿಂದಲೇ ಊಹಿಸಬೇಕು. ನನ್ನೆದುರು ಕೂರುವ ಸಾಹೇಬರು ಸವಾಲಿನಲ್ಲಿ ಒಂದು ಅಂಕ ಏರಿಸುವ ಮುನ್ನ ಒಂದು ಕ್ಷಣ ಮಳೆಯನ್ನು ನೋಡುತ್ತಾರೆ. ಅವರ ಆ ಒಂದು ಅಂಕಕ್ಕೆ ನನ್ನ ಒಂಬತ್ತನ್ನು ಒಪ್ಪಿಸಲು ನಾನು ಕಲಿತದ್ದು ಎರಡನೆಯ ಮಳೆಗಾಲದಲ್ಲಿ.

ನಮ್ಮಲ್ಲಿ ಹಣವಿಲ್ಲ. ಸತತವಾಗಿ ಸೋತವರು ಕಿವಿಗೆ ಹಲಸಿನ ಎಲೆ ಸಿಕ್ಕಿಸಿಕೊಳ್ಳಬೇಕು, ಅಷ್ಟೇ. ಕೇರಳದವರು ಇದನ್ನು ಕುಣುಕ್ಕು ಎನ್ನುತ್ತಾರೆ. ಕಳೆದ ಮಳೆಗಾಲದಲ್ಲಿ ಹಾಗೆ ನಾನು ಎಲೆ ತೊಟ್ಟು ಕುಳಿತಿದ್ದ ಸಂಜೆಯೇ ಧರ್ಮಕೇಂದ್ರದ ಓರ್ವ ತಾಯಿ ಜಗಲಿಗೆ ಬಂದರು. ನಗಲಿಲ್ಲ. "ಫಾದರ್, ನೀವು ಸಹ ಇಸ್ಪೀಟು ಹಿಡಿದಿರಾ? ನಮ್ಮ ಮನೆಯಲ್ಲಿ ಏನಾಯಿತೆಂದು ನಿಮಗೆ ಗೊತ್ತುಂಟಲ್ಲ" ಎಂದರು.

ಅದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಊರಿಗೇ ಗೊತ್ತಿದ್ದದ್ದು. ಅವರ ಯಜಮಾನರು ಮೊಬೈಲಿನ ರಮ್ಮಿಯಲ್ಲಿ ಎರಡು ವರ್ಷದ ಅಡಿಕೆಯ ಹಣವನ್ನು ಕಳೆದಿದ್ದರು. 2025ರ ಆಗಸ್ಟಿನಲ್ಲಿ ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಅಂಗೀಕರಿಸಿತು. ಆ ಮನೆಯ ಹಣ ಅದಕ್ಕೂ ಮೊದಲೇ ಹೋಗಿತ್ತು. ರಮ್ಮಿಯು ಮುಖ್ಯವಾಗಿ ಚಾತುರ್ಯದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿಯೇ ಹೇಳಿತ್ತು. ಚಾತುರ್ಯವಿದೆಯೆಂಬ ಮಾತು ಆ ಮನೆಯನ್ನು ಕಾಯಲಿಲ್ಲ. ಸಂತ ಸೇಲ್ಸರ ಮೊದಲನೆಯ ಆಕ್ಷೇಪಣೆಗೆ ಇದನ್ನೇ ಉತ್ತರವಾಗಿ ಕೊಡಲು ನನಗೆ ಆದ್ದರಿಂದಲೇ ಮನಸ್ಸಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಇಸ್ಪೀಟನ್ನಾಗಲಿ ಪಣವನ್ನಾಗಲಿ ಸ್ವತಃ ಅನ್ಯಾಯವೆನ್ನುವುದಿಲ್ಲ. ತನ್ನ ಹಾಗೂ ಪರರ ಅಗತ್ಯಕ್ಕೆ ಬೇಕಾದುದನ್ನು ಅದು ಕಿತ್ತುಕೊಂಡಾಗ ಒಪ್ಪತಕ್ಕದ್ದಲ್ಲವೆಂದು, ಜೂಜಿನ ವ್ಯಾಮೋಹ ಮನುಷ್ಯನನ್ನು ದಾಸ್ಯಕ್ಕೆ ತಳ್ಳಬಲ್ಲದೆಂದು ಎಚ್ಚರಿಸುತ್ತದೆ. ಆ ತಾಯಿಗೆ ಬೇಕಾಗಿದ್ದದ್ದು ಗ್ರಂಥದ ಮಾತಲ್ಲ. ಹಣ ಎಲ್ಲಿದೆಯೆಂದು ಅವರು ಚಾಪೆಯನ್ನು ನೋಡಿದರು. ಭಟ್ರು ಚಾಪೆಯನ್ನೇ ಎತ್ತಿ ತೋರಿಸಿದರು.

ಅವರು ಬೆಂಚಿನ ಮೇಲೆ ಕುಳಿತು ಎರಡು ಆಟ ನೋಡಿದರು. ಎದ್ದು ಹೋಗುವಾಗ, "ಎದುರಿಗೆ ಒಬ್ಬರ ಮುಖವಾದರೂ ಕಾಣುತ್ತದೆ. ನಮ್ಮವರು ಗೋಡೆಗೆ ತಿರುಗಿ ಮಲಗಿ ಆಡುತ್ತಿದ್ದರು" ಎಂದರು. ಒಪ್ಪಿದರೆಂದು ನಾನು ಹೇಳಲಾರೆ.

ಎರಡನೆಯ ಆಕ್ಷೇಪಣೆಯನ್ನು ನಾವು ಗಂಟೆಗೆ ಒಪ್ಪಿಸಿದ್ದೇವೆ. ಮಸೀದಿಯ ಬಾಂಗು ಕೇಳಿದೊಡನೆ ಸಾಹೇಬರು ಏಳುತ್ತಾರೆ, ನನಗೆ ಜಪಸರದ ಹೊತ್ತು. ಆಟ ಯಾವ ಹಂತದಲ್ಲಿದ್ದರೂ ಅಲ್ಲಿಗೆ ಮುಗಿಯಿತು.

ಆ ಮನೆಯ ಯಜಮಾನರನ್ನೂ ಕರೆಯೋಣ, ಮನುಷ್ಯರ ನಡುವೆ ಕುಳಿತರೆ ಫೋನು ಮರೆತಾರು ಎಂದು ಮಾಷ್ಟ್ರು ಅನ್ನುತ್ತಾರೆ. ಕುಡಿತ ಬಿಟ್ಟವನ ಕೈಗೆ ಖಾಲಿ ಲೋಟವನ್ನೂ ಕೊಡಬಾರದೆಂದು ಭಟ್ರ ವಾದ. ನಾನು ಭಟ್ರ ಪಕ್ಷ. ಸದ್ಯಕ್ಕೆ ಅವರು ಜಗಲಿಗೆ ಬಂದಾಗ ಎಲೆಗಳನ್ನು ಒಳಗಿಟ್ಟು ಐವರೂ ಚಹಾ ಕುಡಿಯುತ್ತೇವೆ. ಭಟ್ರು ಕೊಳೆರೋಗದ ಸುದ್ದಿ ತೆಗೆಯುತ್ತಾರೆ.